ನಮ್ಮೂರು ಯಾವ ಕ್ಷೇತ್ರಕ್ಕೆ ಸೇರಿದ್ದು? – ಚಾಮುಂಡೇಶ್ವರಿಯಿಂದ ವರುಣದವರೆಗೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿ ಸಭೆಯಲ್ಲಿ ತೀರ್ಮಾನವಾದಾಗ ನಾವು ಮೊದಲು ಹಿಂಜರಿದೆವು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಹಸು, ಹುಲ್ಲು, ಹಿಂಡಿ ಬಗ್ಗೆ ಬರೆಯೋಣ ಅಂದ್ರೆ ಅದನ್ನು ಪಶುವೈದ್ಯರೇ ಬರೆಯುತ್ತಿದ್ದಾರೆ. ಸಂಘದ ಚರಿತ್ರೆಯನ್ನು ಅಧ್ಯಕ್ಷರು ಒಪ್ಪಿಕೊಂಡುಬಿಟ್ಟಿದ್ದರು. ಕಡೆಗೆ ಉಳಿದದ್ದು, ಪ್ರತಿ ಚುನಾವಣೆಯಲ್ಲೂ ಅರಳಿಕಟ್ಟೆಯ ಮೇಲೆ ಏಳುವ ಒಂದು ಪ್ರಶ್ನೆ. ನಮ್ಮೂರು ಯಾವ ಕ್ಷೇತ್ರಕ್ಕೆ ಸೇರಿದ್ದು, ಮೊದಲು ಯಾವುದಕ್ಕೆ ಸೇರಿತ್ತು, ಯಾರು ಬದಲಾಯಿಸಿದರು, ಯಾಕೆ ಬದಲಾಯಿಸಿದರು? ಇದಕ್ಕೆ ತಿಳಿದಷ್ಟು ಉತ್ತರ ಬರೆಯುತ್ತೇವೆ. ಓದುಗರು ಒಂದು ಮಾತು ಗಮನಿಸಬೇಕು. ನಮ್ಮ ಸಂಘದ ಒಳಗೆ ಪಕ್ಷ ಇಲ್ಲ, ಈ ಲೇಖನದಲ್ಲೂ ಇಲ್ಲ. ಗೆದ್ದವರ, ಸೋತವರ ಹೆಸರು ಬಂದರೆ ಅದು ಲೆಕ್ಕಕ್ಕೆ ಮಾತ್ರ.

ನಮ್ಮೂರು ಮೈಸೂರು ತಾಲ್ಲೂಕು ವರುಣ ಹೋಬಳಿ. ಚಾಮುಂಡಿ ಬೆಟ್ಟ ಹೊಲದಲ್ಲಿ ನಿಂತರೆ ಕಾಣುತ್ತೆ. ಸಂತೆ, ಆಸ್ಪತ್ರೆ, ಕೋರ್ಟು, ಕಾಲೇಜು ಎಲ್ಲಕ್ಕೂ ಮೈಸೂರೇ. ಆದರೆ ಎಂ.ಪಿ. ಚುನಾವಣೆ ಬಂದರೆ ನಾವು ಓಟು ಹಾಕುವುದು ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ. ರಸ್ತೆಯಾಚೆ ಹುಂಡಿಯವರು ಓಟು ಹಾಕುವುದು ಮೈಸೂರು ಲೋಕಸಭಾ ಕ್ಷೇತ್ರಕ್ಕೆ, ಅಂದರೆ ಮಡಿಕೇರಿ, ವಿರಾಜಪೇಟೆಯವರ ಜೊತೆ. ಆ ಹುಂಡಿಗೂ ನಮಗೂ ಹೆಣ್ಣು ಕೊಟ್ಟು ತಂದ ಸಂಬಂಧ. ಅವರ ಹಾಲು ಬರುವುದು ನಮ್ಮ ಡೇರಿಗೆ. ಮಾರಮ್ಮನ ಹಬ್ಬ ಒಂದೇ ದಿನ. ಓಟು ಮಾತ್ರ ಬೇರೆ ಬೇರೆ.

ಪ್ರತಿನಿಧಿ ಎನ್ನುವ ಪದ ಮೈಸೂರಿಗೆ ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ 144 ಮಂದಿ. ಅವರೆಲ್ಲ ಚುನಾವಣೆಯಲ್ಲಿ ಗೆದ್ದು ಬಂದವರಲ್ಲ, ತಾಲ್ಲೂಕಿನಿಂದ ಆರಿಸಿ ಕರೆಸಿದ ಜಮೀನುದಾರರು, ವ್ಯಾಪಾರಸ್ಥರು. ದಸರಾ ಸಮಯದಲ್ಲಿ ಸಭೆ ಸೇರುತ್ತಿದ್ದದ್ದರಿಂದ ಹಳ್ಳಿಯ ಮುಖಂಡರು ಜಂಬೂಸವಾರಿಯನ್ನೂ ನೋಡಿಕೊಂಡು, ಕೆರೆಕಟ್ಟೆಯ ಅಹವಾಲನ್ನೂ ಹೇಳಿಕೊಂಡು ಹೋಗುತ್ತಿದ್ದರಂತೆ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಆಗ ತಾಲ್ಲೂಕೇ ಕ್ಷೇತ್ರ ಇದ್ದ ಹಾಗೆ. ಗಡಿ ಎಲ್ಲಿ ಅಂತ ಕೇಳುವ ಅಗತ್ಯ ಇರಲಿಲ್ಲ. ಗಡಿ ಕಲ್ಲು ಎಲ್ಲಿದೆಯೋ ಅಲ್ಲಿಗೇ ಪ್ರತಿನಿಧಿಯೂ ನಿಲ್ಲುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ 1952ರ ಮೊದಲ ಮಹಾಚುನಾವಣೆಯಲ್ಲಿ ವಯಸ್ಸಿಗೆ ಬಂದ ಎಲ್ಲರಿಗೂ ಓಟು. ಹಳೆಯ ಮೈಸೂರು ರಾಜ್ಯದ ವಿಧಾನಸಭೆಗೆ ಆಗ 99 ಸ್ಥಾನ. ನಮ್ಮ ತಾತ ಆ ಚುನಾವಣೆಯ ವಿಚಾರ ಹೇಳುತ್ತಿದ್ದರು. ಆಗ ಚೀಟಿಯ ಮೇಲೆ ಮುದ್ರೆ ಒತ್ತುವುದಿಲ್ಲ, ಅಭ್ಯರ್ಥಿಗೊಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುವುದು. ಕೆಲವರು ಪೆಟ್ಟಿಗೆಗೆ ಕೈಮುಗಿದು ಬಂದರಂತೆ. ಇನ್ನೊಂದು ವಿಚಿತ್ರ ಏನೆಂದರೆ ಆಗ ಕೆಲವು ಕಡೆ ಒಂದು ಕ್ಷೇತ್ರಕ್ಕೆ ಇಬ್ಬರು ಸದಸ್ಯರು. ಮೈಸೂರು ಲೋಕಸಭಾ ಕ್ಷೇತ್ರವೇ ಅಂಥದ್ದು. 1952ರಲ್ಲಿ ಇಲ್ಲಿಂದ ಎಂ.ಎಸ್. ಗುರುಪಾದಸ್ವಾಮಿಯವರೂ ಎನ್. ರಾಚಯ್ಯನವರೂ ಒಟ್ಟಿಗೆ ಆರಿಸಿ ಹೋದರು. ಮತದಾರನಿಗೆ ಎರಡು ಓಟು. ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಪರಿಶಿಷ್ಟ ಜಾತಿಗೆ ಮೀಸಲು. 1961ರಲ್ಲಿ ಕಾನೂನು ಮಾಡಿ ಈ ಜೋಡಿ ಪದ್ಧತಿಯನ್ನು ತೆಗೆದುಹಾಕಿದರು. ಅಲ್ಲಿಂದ ಒಂದು ಕ್ಷೇತ್ರಕ್ಕೆ ಒಬ್ಬರೇ, ಮೀಸಲು ಅಂದರೆ ಇಡೀ ಕ್ಷೇತ್ರವೇ ಮೀಸಲು.

ನವೆಂಬರ್ 1, 1956ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಡಗು, ದಕ್ಷಿಣ ಕನ್ನಡ, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ ಎಲ್ಲ ಸೇರಿದ ಮೇಲೆ ವಿಧಾನಸಭೆಯೂ ದೊಡ್ಡದಾಯಿತು. 1957ರಲ್ಲಿ 208 ಸ್ಥಾನ, 1967ರಲ್ಲಿ 216, 1978ರಲ್ಲಿ 224. ಅಲ್ಲಿಂದ ಈಚೆಗೆ ಅದೇ 224. ಜನ ಹೆಚ್ಚಿದರೂ ಸ್ಥಾನ ಹೆಚ್ಚಲಿಲ್ಲ. ಅದಕ್ಕೂ ಕಾರಣ ಇದೆ, ಮುಂದೆ ಹೇಳುತ್ತೇವೆ.

ಮೈಸೂರು ನಗರದ ಒಳಗಿನ ಮೂರು ಕ್ಷೇತ್ರಗಳಿಗೆ ಅರಸುಮನೆತನದ ಹೆಸರು: ಕೃಷ್ಣರಾಜ, ಚಾಮರಾಜ, ನರಸಿಂಹರಾಜ. ಮೊಹಲ್ಲಾಗಳಿಗೂ ಇದೇ ಹೆಸರು ಇರುವುದರಿಂದ ಪಟ್ಟಣದವರಿಗೆ ಗೊಂದಲವಿಲ್ಲ. ಅವುಗಳ ಸುತ್ತ ನಗರವನ್ನು ಬಳಸಿಕೊಂಡು ಹಳ್ಳಿಗಳ ಕ್ಷೇತ್ರ, ಅದಕ್ಕೆ ಬೆಟ್ಟದ ತಾಯಿಯ ಹೆಸರು, ಚಾಮುಂಡೇಶ್ವರಿ. ಕರ್ನಾಟಕದಲ್ಲಿ ಕ್ಷೇತ್ರಕ್ಕೆ ಸಾಮಾನ್ಯವಾಗಿ ಊರಿನ ಹೆಸರು ಇರುತ್ತೆ. ನಮ್ಮದು ದೇವರ ಹೆಸರಿನ ಕ್ಷೇತ್ರ ಎಂದು ನಮ್ಮ ಹಿರಿಯರಿಗೆ ಒಂದು ಹೆಮ್ಮೆ. ಚುನಾವಣೆಗೆ ನಿಂತವರೆಲ್ಲ ಮೊದಲು ಬೆಟ್ಟ ಹತ್ತಿ ಆಮೇಲೆ ಅರ್ಜಿ ಹಾಕುತ್ತಿದ್ದರು. ಗೆದ್ದವರೂ ಹತ್ತಿದ್ದಾರೆ, ಸೋತವರೂ ಹತ್ತಿದ್ದಾರೆ. ತಾಯಿ ಯಾರಿಗೂ ಬೇಡ ಅಂದಿಲ್ಲ.

ಈ ಚಾಮುಂಡೇಶ್ವರಿ ಕ್ಷೇತ್ರದ ಲೆಕ್ಕ ಸ್ವಲ್ಪ ನೋಡೋಣ. 1983ರಲ್ಲಿ ಸಿದ್ದರಾಮನಹುಂಡಿಯ ವಕೀಲರು ಸಿದ್ದರಾಮಯ್ಯನವರು ಇಲ್ಲಿಂದ ಮೊದಲ ಬಾರಿ ಶಾಸಕರಾದರು. ಅದೇ ಚುನಾವಣೆಯಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. 1985ರಲ್ಲಿ ಮತ್ತೆ ಅವರೇ. 1989ರಲ್ಲಿ ಎಂ. ರಾಜಶೇಖರಮೂರ್ತಿಯವರು. 1994ರಲ್ಲಿ ತಿರುಗಿ ಸಿದ್ದರಾಮಯ್ಯನವರು. 1999ರಲ್ಲಿ ಎ.ಎಸ್. ಗುರುಸ್ವಾಮಿಯವರು. 2004ರಲ್ಲಿ ಪುನಃ ಸಿದ್ದರಾಮಯ್ಯನವರು. ಅಂದರೆ ನಮ್ಮ ಕ್ಷೇತ್ರದ ಜನ ಯಾರನ್ನೂ ಶಾಶ್ವತವಾಗಿ ಹೊತ್ತುಕೊಂಡವರಲ್ಲ, ಶಾಶ್ವತವಾಗಿ ಇಳಿಸಿದವರೂ ಅಲ್ಲ. ನಾವು ಮೊದಲ ಓಟು ಹಾಕಿದ್ದು 1999ರಲ್ಲಿ, ಮಿಡ್ಲ್ ಸ್ಕೂಲಿನ ಕೊಠಡಿಯಲ್ಲಿ. ಉಗುರಿನ ಮಸಿ ಹೋಗುವ ತನಕ ಅದನ್ನು ಎಲ್ಲರಿಗೂ ತೋರಿಸುತ್ತಿದ್ದೆವು.

2006ರ ಡಿಸೆಂಬರಿನ ಉಪಚುನಾವಣೆ ಮಾತ್ರ ಮರೆಯುವ ಹಾಗಿಲ್ಲ. ಸಿದ್ದರಾಮಯ್ಯನವರು ಪಕ್ಷ ಬದಲಾಯಿಸಿ ರಾಜೀನಾಮೆ ಕೊಟ್ಟು ಮತ್ತೆ ನಿಂತಿದ್ದರು. ಇಡೀ ರಾಜ್ಯದ ಮಂತ್ರಿಗಳು, ಮುಖಂಡರು ನಮ್ಮ ಹಳ್ಳಿಗಳಲ್ಲೇ ಬೀಡುಬಿಟ್ಟಿದ್ದರು. ನಮ್ಮೂರಿನ ಕಾಫಿ ಅಂಗಡಿಯಲ್ಲಿ ಆ ತಿಂಗಳು ಹಾಲು ಸಾಲದೆ ಡೇರಿಯಿಂದಲೇ ಕೊಂಡುಹೋಗುತ್ತಿದ್ದರು. ಎಣಿಕೆಯ ದಿನ ಎಲ್ಲರೂ ರೇಡಿಯೋ, ಟೀವಿ ಮುಂದೆ. ಕಡೆಗೆ ಅಂತರ 257 ಮತ. ನಮ್ಮೂರಿನ ಮೇಗಲ ಕೇರಿಯಲ್ಲಿ ಅದಕ್ಕಿಂತ ಜಾಸ್ತಿ ಓಟಿವೆ! ಅದಕ್ಕೂ ಮೊದಲು, 2004ರಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ. 40,752ಕ್ಕೆ 40,751. ನಮ್ಮ ಕಡೆ ಇವತ್ತಿಗೂ ಯಾರಾದರೂ "ನಂದೊಂದು ಓಟಿಂದ ಏನಾದದು ಬುಡಪ್ಪಾ" ಅಂದರೆ ಸಂತೇಮರಹಳ್ಳಿ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ. ಆ ಸಂತೇಮರಹಳ್ಳಿ ಕ್ಷೇತ್ರವೇ ಈಗ ಇಲ್ಲ. 2008ರಲ್ಲಿ ಹೋಯಿತು.

ಇನ್ನು 2008ರ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮೂರಿನ ಹಣೆಬರಹ ಬದಲಾದದ್ದು ಆಗಲೇ.

ಕ್ಷೇತ್ರದ ಗಡಿಯನ್ನು ಶಾಸಕರಾಗಲಿ, ತಹಸೀಲ್ದಾರರಾಗಲಿ ಬರೆಯುವುದಿಲ್ಲ. ಅದಕ್ಕೆ ಸಂಸತ್ತಿನ ಕಾನೂನಿನಂತೆ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಎಂದು ನೇಮಕವಾಗುತ್ತೆ. ಇದುವರೆಗೆ 1952, 1962, 1972 ಮತ್ತು 2002ರ ಕಾನೂನುಗಳಂತೆ ನಾಲ್ಕು ಆಯೋಗ ಆಗಿವೆ. ಜನಗಣತಿ ಆದ ಮೇಲೆ ಜನಸಂಖ್ಯೆ ನೋಡಿಕೊಂಡು, ಒಂದು ಕ್ಷೇತ್ರದಲ್ಲಿ ತೀರಾ ಹೆಚ್ಚು, ಇನ್ನೊಂದರಲ್ಲಿ ತೀರಾ ಕಡಿಮೆ ಆಗದ ಹಾಗೆ ಹಂಚುವುದು ಆಯೋಗದ ಕೆಲಸ. ಜಮೀನು ಪಾಲು ಮಾಡಿದ ಹಾಗೆ. ಆದರೆ ಪಾಲು ಸಮ ಆಗಬೇಕಾದರೆ ಬದು ಎಲ್ಲೋ ಒಂದು ಕಡೆ ಯಾರದೋ ತೆಂಗಿನ ಮರದ ಬುಡಕ್ಕೇ ಬರುತ್ತೆ. ಅಣ್ಣತಮ್ಮಂದಿರ ಪಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಥಾನ ಯಾಕೆ ಹೆಚ್ಚಲಿಲ್ಲ ಎಂದರೆ, 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಮಾಡಿ ಎಲ್ಲ ರಾಜ್ಯಗಳ ಸ್ಥಾನಗಳನ್ನೂ 1971ರ ಜನಗಣತಿಯ ಲೆಕ್ಕಕ್ಕೇ ನಿಲ್ಲಿಸಿದರು. ಕುಟುಂಬ ಯೋಜನೆಯನ್ನು ಸರಿಯಾಗಿ ಪಾಲಿಸಿದ ರಾಜ್ಯಕ್ಕೆ ಸ್ಥಾನ ಕಡಿಮೆಯಾಗಿ ನಷ್ಟ ಆಗಬಾರದು ಎನ್ನುವುದು ಉದ್ದೇಶ. 2001ರ 84ನೇ ತಿದ್ದುಪಡಿಯಲ್ಲಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿದರು. ಸ್ಥಾನದ ಸಂಖ್ಯೆ ಮುಟ್ಟದೆ ಒಳಗಿನ ಗಡಿಗಳನ್ನು ಮಾತ್ರ ಸರಿಪಡಿಸಲು ಅವಕಾಶ ಕೊಟ್ಟರು. 2003ರ 87ನೇ ತಿದ್ದುಪಡಿಯಿಂದ ಅದಕ್ಕೆ 2001ರ ಜನಗಣತಿಯನ್ನು ತೆಗೆದುಕೊಳ್ಳುವಂತಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರು ಅಧ್ಯಕ್ಷರು.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತೆ. 1971ರಲ್ಲಿ ರಾಜ್ಯದ ಜನ ಸುಮಾರು 2 ಕೋಟಿ 93 ಲಕ್ಷ. ಅದನ್ನು 224ಕ್ಕೆ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 1 ಲಕ್ಷ 31 ಸಾವಿರ ಜನ. 2001ರಲ್ಲಿ 5 ಕೋಟಿ 28 ಲಕ್ಷ, ಅಂದರೆ ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ. ಇದು ಸರಾಸರಿ. ಬೆಳೆದದ್ದು ಮಾತ್ರ ಎಲ್ಲ ಕಡೆ ಒಂದೇ ಸಮ ಅಲ್ಲ. ಮೈಸೂರು ನಗರದ ಜನ 1971ರಲ್ಲಿ ಮೂರೂವರೆ ಲಕ್ಷ, 2001ರಲ್ಲಿ ಏಳೂವರೆ ಲಕ್ಷ. ನಗರ ತುಂಬಿ ತುಳುಕಿ ಹೊರಗೆ ಚೆಲ್ಲಿದ್ದು ನಮ್ಮ ತಾಲ್ಲೂಕಿನ ಹೊಲಗಳ ಮೇಲೆ. ರಾಗಿ ಬೆಳೆದ ಜಾಗದಲ್ಲಿ ಸೈಟುಗಳು ಎದ್ದವು. ಹಿನಕಲ್, ಬೋಗಾದಿಯಂಥ ಊರುಗಳು ಹಳ್ಳಿಯೋ ಪಟ್ಟಣವೋ ಹೇಳುವುದು ಕಷ್ಟವಾಯಿತು. ಎಲ್ಲವೂ ಚಾಮುಂಡೇಶ್ವರಿಯ ಮಡಿಲಿಗೇ ಬಿದ್ದದ್ದರಿಂದ ಮಡಿಲು ಹರಿಯುವ ಹಾಗಾಯಿತು. ಅತ್ತ ಬರೀ ಬೇಸಾಯ ನಂಬಿದ ಕಡೆ ಜನ ಅಷ್ಟು ಬೆಳೆದಿರಲಿಲ್ಲ.

ಹೀಗಾಗಿ ಬನ್ನೂರು ಎಂಬ ಕ್ಷೇತ್ರ ರದ್ದಾಯಿತು. ಬನ್ನೂರು ಪಟ್ಟಣ ತಿರುಮಕೂಡಲು ನರಸೀಪುರ ಕ್ಷೇತ್ರಕ್ಕೆ ಸೇರಿತು. ಮೈಸೂರು, ನಂಜನಗೂಡು, ತಿ. ನರಸೀಪುರ ಈ ಮೂರು ತಾಲ್ಲೂಕಿನ ತುಂಡುಗಳನ್ನು ಕೂಡಿಸಿ ವರುಣ ಎಂಬ ಹೊಸ ಕ್ಷೇತ್ರ ಮಾಡಿದರು. ಕ್ಷೇತ್ರಕ್ಕೆ ವರುಣ ಎಂದು ಹೆಸರಿದ್ದರೂ ಅದು ತಾಲ್ಲೂಕು ಕೇಂದ್ರವಲ್ಲ. ಒಬ್ಬ ಶಾಸಕರು ಮೂವರು ತಹಸೀಲ್ದಾರರ ಹತ್ತಿರ ಓಡಾಡಬೇಕು. ನಂಜನಗೂಡು ಸಾಮಾನ್ಯದಿಂದ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹೆಗ್ಗಡದೇವನಕೋಟೆ ಪರಿಶಿಷ್ಟ ಜಾತಿಯಿಂದ ಪರಿಶಿಷ್ಟ ಪಂಗಡಕ್ಕೆ ಹೋಯಿತು, ಕಾಡಂಚಿನ ಆ ತಾಲ್ಲೂಕಿನಲ್ಲಿ ಪಂಗಡದವರ ಸಂಖ್ಯೆ ಹೆಚ್ಚು. ಕೊಡಗಿನಲ್ಲಿ ಮೂರಿದ್ದ ಕ್ಷೇತ್ರ ಎರಡಾಯಿತು, ಸೋಮವಾರಪೇಟೆ ಹೋಯಿತು. ಉಳಿದ ಕೊಡಗನ್ನು ಮಂಗಳೂರು ಲೋಕಸಭೆಯಿಂದ ಬಿಡಿಸಿ ಮೈಸೂರಿಗೆ ಸೇರಿಸಿದರು. ಮೈಸೂರು ಜಿಲ್ಲೆಯ ಹನ್ನೊಂದು ಕ್ಷೇತ್ರ ಈಗ ಮೂರು ಎಂ.ಪಿ.ಗಳಿಗೆ ಹಂಚಿಹೋಗಿದೆ. ಕೃಷ್ಣರಾಜನಗರ ಮಂಡ್ಯಕ್ಕೆ. ವರುಣ, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಉಳಿದದ್ದು ಮೈಸೂರಿಗೆ.

2008ರ ಮೇ ತಿಂಗಳಲ್ಲಿ ಹೊಸ ಗಡಿಯ ಮೇಲೆ ಮೊದಲ ವಿಧಾನಸಭಾ ಚುನಾವಣೆ ಆಯಿತು. ನಮ್ಮ ಅಜ್ಜಿ ಓಟು ಹಾಕಿ ಬಂದು ಜಗುಲಿಯ ಮೇಲೆ ಕೂತು, "ಇದೇನ್ಲಾ ಮಗ, ನಮ್ಮನ್ನ ತಾಯಿ ಕ್ಷೇತ್ರದಿಂದ ತೆಗೆದ್ಬುಟ್ರಂತಲ್ಲ, ನಾವೇನ್ ತಪ್ಪು ಮಾಡಿದ್ವು?" ಎಂದು ಕೇಳಿದ್ದರು. "ತಪ್ಪೇನಿಲ್ಲ ಅಜ್ಜಿ, ಲೆಕ್ಕ ಸರಿ ಮಾಡವ್ರೆ" ಅಂದೆವು. "ಲೆಕ್ಕ ಸರಿ ಮಾಡಕ್ಕೆ ನಾವೇ ಸಿಕ್ಕಿದ್ವಾ?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ತಮಾಷೆ ಏನೆಂದರೆ, ನಾವು ವರುಣಕ್ಕೆ ಬಂದಾಗ ಶಾಸಕರೂ ನಮ್ಮ ಜೊತೆಗೇ ಬಂದರು. 2008 ಮತ್ತು 2013ರಲ್ಲಿ ಸಿದ್ದರಾಮಯ್ಯನವರು ವರುಣದಿಂದ ಗೆದ್ದರು, 2013ರಲ್ಲಿ ಮುಖ್ಯಮಂತ್ರಿಯೂ ಆದರು. ಚಾಮುಂಡೇಶ್ವರಿಯಲ್ಲಿ 2008ರಲ್ಲಿ ಎಂ. ಸತ್ಯನಾರಾಯಣ ಅವರು, 2013ರಲ್ಲಿ ಜಿ.ಟಿ. ದೇವೇಗೌಡರು. 2018ರಲ್ಲಿ ಸಿದ್ದರಾಮಯ್ಯನವರು ವರುಣವನ್ನು ಮಗ ಡಾ. ಯತೀಂದ್ರ ಅವರಿಗೆ ಬಿಟ್ಟು ಹಳೆಯ ಚಾಮುಂಡೇಶ್ವರಿಗೆ ಹೋಗಿ ನಿಂತರು. ಹತ್ತು ವರ್ಷದಲ್ಲಿ ಹೆಸರು ಅದೇ ಇದ್ದರೂ ಕ್ಷೇತ್ರ ಅದೇ ಆಗಿರಲಿಲ್ಲ. ನಮ್ಮಂಥ ಹಳ್ಳಿಗಳು ಹೊರಗೆ ಹೋಗಿದ್ದವು, ಹೊಸ ಬಡಾವಣೆಗಳು ಬೆಳೆದು ನಿಂತಿದ್ದವು. ಜಿ.ಟಿ. ದೇವೇಗೌಡರು 36,042 ಮತಗಳಿಂದ ಗೆದ್ದರು. ಸೋಲಿಗೆ ಬೇರೆ ಕಾರಣಗಳೂ ಇದ್ದಾವು, ಅದು ನಮ್ಮ ಲೇಖನದ ವಿಚಾರವಲ್ಲ. ಆದರೆ ಗಡಿ ಬದಲಾದರೆ ಹಳೆಯ ಮನೆಗೆ ವಾಪಸು ಹೋಗುವುದು ಸುಲಭವಲ್ಲ ಎನ್ನುವುದನ್ನು ನಾವು ಆವತ್ತು ಕಂಡೆವು. ಅವರು ಬಾದಾಮಿಯಲ್ಲೂ ನಿಂತಿದ್ದರಿಂದ ಅಲ್ಲಿ 1,696 ಮತಗಳಿಂದ ಗೆದ್ದು ಶಾಸಕರಾಗಿ ಉಳಿದರು. 2023ರಲ್ಲಿ ವರುಣಕ್ಕೆ ಮರಳಿ 46,163 ಮತಗಳಿಂದ ಗೆದ್ದು ಎರಡನೇ ಬಾರಿ ಮುಖ್ಯಮಂತ್ರಿಯಾದರು.

ಇಷ್ಟು ರಾಜ್ಯದ ಚರಿತ್ರೆ. ಇನ್ನು ಮಣ್ಣು ರಸ್ತೆಯ ಚರಿತ್ರೆ.

ನಮ್ಮ ಸಂಘದ ಬೈಲಾದಲ್ಲಿ ಕಾರ್ಯವ್ಯಾಪ್ತಿ ಎಂದು ಒಂದು ಕಲಂ ಇದೆ. ಅದರಲ್ಲಿ ನಮ್ಮೂರೂ ರಸ್ತೆಯಾಚೆಯ ಹುಂಡಿಯೂ ಎರಡೂ ಸೇರಿವೆ. ಸ್ಥಾಪಕ ಸದಸ್ಯರು ಅದನ್ನು ಬರೆಸುವಾಗ ಯಾವ ನಕ್ಷೆಯನ್ನೂ ನೋಡಿರಲಿಲ್ಲ. ಬೆಳಗಿನ ಜಾವ ಕ್ಯಾನು ಹೊತ್ತು ಎಷ್ಟು ದೂರದಿಂದ ನಡೆದು ಬರಬಹುದು ಎಂದು ನೋಡಿದ್ದರು. ಹುಂಡಿಯಿಂದ ಡೇರಿಗೆ ಒಂದೂವರೆ ಕಿಲೋಮೀಟರು ಕಾಲುದಾರಿ. ಮಳೆ ಬಂದರೆ ಸೈಕಲ್ಲು ಹೂತುಕೊಳ್ಳುತ್ತೆ. ಒಂದು ಸಲ ಹೆಣ್ಣುಮಗಳೊಬ್ಬಳು ಜಾರಿ ಬಿದ್ದು ಹದಿನೆಂಟು ಲೀಟರ್ ಹಾಲು ಚೆಲ್ಲಿ, ಕೈಯೂ ಮುರಿಯಿತು. ಆವಾಗ ಸಂಘದಿಂದ ಠರಾವು ಮಾಡಿ ರಸ್ತೆಗೆ ಅರ್ಜಿ ಕೊಟ್ಟೆವು.

ಅರ್ಜಿ ಒಂದು ಕಚೇರಿಗೆ ಹೋಯಿತು. ಹೆಸರು ಬೇಡ. ಅಲ್ಲಿ ನಕ್ಷೆ ತೆಗೆದು ನೋಡಿ, "ಅರ್ಧ ದಾರಿ ಈ ಕ್ಷೇತ್ರ, ಅರ್ಧ ಆ ಕ್ಷೇತ್ರ. ಎರಡು ಅರ್ಜಿ ಮಾಡಿಕೊಂಡು ಬನ್ನಿ" ಅಂದರು. ಎರಡು ಮಾಡಿದೆವು. ಈ ಅರ್ಧ ಮೊದಲು ಮಂಜೂರಾದರೆ ಆ ಅರ್ಧ ನೋಡೋಣ, ಆ ಅರ್ಧ ಆದರೆ ಈ ಅರ್ಧ ನೋಡೋಣ ಅಂತ ಎರಡೂ ಕಡತ ಒಂದನ್ನೊಂದು ಕಾಯುತ್ತ ಕೂತವು. ಮೂರು ಮಳೆಗಾಲ ಕಳೆಯಿತು. ಯಾರೂ ಲಂಚ ಕೇಳಲಿಲ್ಲ, ಯಾರೂ ಗದರಿಸಲಿಲ್ಲ, ಕೂರಿಸಿ ಟೀ ಕೂಡ ಕೊಟ್ಟರು. ಕೆಲಸ ಮಾತ್ರ ಆಗಲಿಲ್ಲ. ಕಡೆಗೆ ಸಾಮಾನ್ಯ ಸಭೆಯಲ್ಲಿ ಹುಂಡಿಯ ಹಿರಿಯರೊಬ್ಬರು ಎದ್ದು, "ನಮ್ಮ ಹಾಲು ಬೇಕು, ನಮ್ಮ ದಾರಿ ಬ್ಯಾಡವಾ ನಿಮ್ಗೆ?" ಅಂದರು. ಸಭೆಯೇ ತಣ್ಣಗಾಯಿತು. ಆ ವರ್ಷದ ಬೋನಸ್ಸಿನಲ್ಲಿ ಒಂದು ಪಾಲು ಬಿಟ್ಟುಕೊಡಲು ಸದಸ್ಯರು ಒಪ್ಪಿದರು. ಎರಡೂ ಊರಿನ ಟ್ರ್ಯಾಕ್ಟರುಗಳಲ್ಲಿ ಗ್ರಾವೆಲ್ ಹೊಡೆಸಿ, ನೀರು ನಿಲ್ಲುವ ಕಡೆ ಎರಡು ಪೈಪು ಹಾಕಿಸಿದೆವು. ಡಾಂಬರು ಅಲ್ಲ, ಆದರೂ ಕ್ಯಾನು ಬರುತ್ತೆ.

ನಾವು ಮಾಡಿದ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆಯೋಗ ಮೊದಲು ಕರಡು ಮಾಡಿ ರಾಜ್ಯಪತ್ರದಲ್ಲಿ ಹಾಕುತ್ತೆ, ಆಕ್ಷೇಪಣೆ ಕರೆಯುತ್ತೆ, ಸಾರ್ವಜನಿಕ ಸಭೆಯನ್ನೂ ನಡೆಸುತ್ತೆ. ಊರಿನವರು ಯಾರು ಬೇಕಾದರೂ ಬರೆದುಕೊಡಬಹುದು. ಭೂಲಕ್ಷಣ, ಆಡಳಿತದ ಗಡಿ, ಸಂಪರ್ಕ ಸೌಕರ್ಯ, ಜನರ ಅನುಕೂಲ ನೋಡಬೇಕು ಎಂದು ಕಾನೂನಿನಲ್ಲೇ ಇದೆ. ಕಡೆಯ ಆದೇಶ ಹೊರಟ ಮೇಲೆ ಮಾತ್ರ ಯಾವ ಕೋರ್ಟಿನಲ್ಲೂ ಅದನ್ನು ಪ್ರಶ್ನಿಸುವ ಹಾಗಿಲ್ಲ, ಸಂವಿಧಾನದ 329ನೇ ವಿಧಿ ಅಡ್ಡ ಬರುತ್ತೆ. ಕಳೆದ ಸಲ ಆಕ್ಷೇಪಣೆಯ ಕಾಲದಲ್ಲಿ ನಮ್ಮೂರಿನಿಂದಾಗಲಿ ಹುಂಡಿಯಿಂದಾಗಲಿ ಒಂದು ಕಾಗದವೂ ಹೋಗಲಿಲ್ಲ. ಅದೆಲ್ಲ ದೊಡ್ಡವರ ವಿಚಾರ ಅಂತ ಸುಮ್ಮನಿದ್ದೆವು. ಶಾಸಕರು ಯಾರು ಎಂದು ತಿಂಗಳುಗಟ್ಟಲೆ ವಾದ ಮಾಡಿದ ನಾವು, ಕ್ಷೇತ್ರ ಎಲ್ಲಿಗೆ ಎಂದು ಒಂದು ದಿನವೂ ಕೂತು ಮಾತಾಡಲಿಲ್ಲ.

2026ರ ನಂತರದ ಮೊದಲ ಜನಗಣತಿ ಎಂದು 84ನೇ ತಿದ್ದುಪಡಿಯಲ್ಲಿ ಬರೆದ ಗಡುವು ನಮ್ಮ ಬೆಳ್ಳಿಹಬ್ಬದ ಹೊತ್ತಿಗೇ ಹತ್ತಿರ ಬಂದಿದೆ. ಮೈಸೂರು ಸುಮ್ಮನೆ ಕೂತಿಲ್ಲ. ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ನಮ್ಮ ಸದಸ್ಯರಲ್ಲೂ ಜಮೀನು ಮಾರಿ ಹಸು ಮಾತ್ರ ಉಳಿಸಿಕೊಂಡವರಿದ್ದಾರೆ. ಮುಂದಿನ ಗೆರೆ ಎಳೆಯುವಾಗ ನಾವು ಹಳ್ಳಿಯ ಲೆಕ್ಕಕ್ಕೋ ಪಟ್ಟಣದ ಲೆಕ್ಕಕ್ಕೋ ಗೊತ್ತಿಲ್ಲ.

ಅದಕ್ಕೇ ಆಡಳಿತ ಮಂಡಳಿಯಲ್ಲಿ ಒಂದು ಮಾತಾಗಿದೆ. ನಮ್ಮೂರಿಗೆ ಚಾಮುಂಡೇಶ್ವರಿಯೇ ಬೇಕು, ವರುಣವೇ ಬೇಕು ಎಂದು ಸಂಘ ಹಟ ಹಿಡಿಯುವುದಿಲ್ಲ. ಎರಡು ಊರನ್ನು ಒಂದೇ ಕಡೆ ಇಡಿ ಎನ್ನುವುದಷ್ಟೇ ಬೇಡಿಕೆ. ಹಾಲಿನ ರಿಜಿಸ್ಟರಿನ ಪ್ರತಿ, ಬೈಲಾದ ಕಾರ್ಯವ್ಯಾಪ್ತಿಯ ಪುಟ, ದಾರಿಯ ನಕ್ಷೆ ಇಷ್ಟನ್ನು ಲಗತ್ತಿಸಿ ಆಕ್ಷೇಪಣೆ ಕರೆದ ದಿನವೇ ಕಳಿಸಬೇಕು. ಗ್ರಾಮನಕ್ಷೆಯ ಒಂದು ಪ್ರತಿಯನ್ನು ತರಿಸಿ ಸಂಘದ ಬೀರುವಿನಲ್ಲಿ ಇಟ್ಟಿದ್ದೇವೆ. ಹುಂಡಿಯ ಸದಸ್ಯರ ಸಹಿ ಇನ್ನೂ ಇಪ್ಪತ್ತಮೂರು ಆಗಬೇಕು. ಬಾಕಿ ಇರುವವರು ಬೆಳಿಗ್ಗೆ ಹಾಲು ಹಾಕಲು ಬಂದಾಗ ಕಾರ್ಯದರ್ಶಿಯವರ ಹತ್ತಿರ ಪುಸ್ತಕ ಕೇಳಿ ಸಹಿ ಮಾಡಬೇಕಾಗಿ ವಿನಂತಿ.